ಮಡಿ ಪಂಚೆ, ನವಾರಿನ ಪಟ್ಟಿ

ಆ ನಾಯಿ ನಮ್ಮ ಮನೆಗೆ ಬಂದದ್ದು ಬಾಳೆಗೊನೆ ಸಾಗಿಸುವ ಲಾರಿಯಲ್ಲಿ. ತಿ. ನರಸೀಪುರದಲ್ಲಿ ಗೊನೆ ಇಳಿಸಿ ನಂಜನಗೂಡಿಗೆ ಖಾಲಿ ಬರುತ್ತಿದ್ದ ಲಾರಿಗೆ ನನ್ನ ಭಾವ, ಅಂದರೆ ಅಕ್ಕನ ಗಂಡ, ಅದನ್ನು ಹತ್ತಿಸಿ ಕಳಿಸಿಬಿಟ್ಟಿದ್ದರು. ಎಪ್ಪತ್ತರ ದಶಕದ ಕೊನೆಯ ಒಂದು ಮಾಗಿಯ ಬೆಳಿಗ್ಗೆ. ಹೊಳೆಯ ಮೇಲಿನ ಮಂಜು ಬೀದಿಯವರೆಗೂ ಬಂದು ನಿಂತಿತ್ತು, ಎದುರುಮನೆಯ ಬಾಗಿಲೂ ಕಾಣುತ್ತಿರಲಿಲ್ಲ. ಆ ಬಿಳುಪಿನೊಳಗಿಂದ ಮೊದಲು ಒಂದು ಕೆಂಪು ಮೂತಿ, ಆಮೇಲೆ ಎರಡು ದೊಡ್ಡ ಕಿವಿ, ಆಮೇಲೆ ಕರುವಿನಷ್ಟು ಮೈ ಬಂತು. ಅದರ ಹಿಂದೆ ಹಗ್ಗ ಹಿಡಿದುಕೊಂಡು ಲಾರಿಯ ಕ್ಲೀನರು ಓಡಿಬರುತ್ತಿದ್ದ. ಅವನು ನಡೆಯುತ್ತಿರಲಿಲ್ಲ, ಅದು ಅವನನ್ನು ಎಳೆದು ತರುತ್ತಿತ್ತು.

ನಾಯಿ ಬಂದದ್ದು ಅಪ್ಪನಿಗಾಗಿ. ಅಪ್ಪ ಹೈಸ್ಕೂಲಿನಲ್ಲಿ ಸಂಸ್ಕೃತದ ಮೇಷ್ಟರಾಗಿದ್ದು ನಿವೃತ್ತರಾಗಿದ್ದರು. ಅವರ ಕಣ್ಣು ಅಂಚಿನಿಂದ ಒಳಮುಖವಾಗಿ ಮುಚ್ಚಿಕೊಳ್ಳುತ್ತಾ ಬರುತ್ತಿತ್ತು. ಎದುರಿಗೆ ಕೊಳವೆಯೊಳಗಿಂದ ನೋಡಿದಷ್ಟು ಮಾತ್ರ ಕಾಣುತ್ತದೆ, ಅಕ್ಕಪಕ್ಕ ಕಾಲಬುಡ ಏನೂ ಕಾಣುವುದಿಲ್ಲ ಎನ್ನುತ್ತಿದ್ದರು. ಮೈಸೂರಿನ ಕಣ್ಣಿನ ಡಾಕ್ಟರು, ಇದು ಆಪರೇಷನ್ನಿಗೆ ಬಗ್ಗುವಂಥದ್ದಲ್ಲ, ಇರುವಷ್ಟು ದಿನ ಇರುತ್ತದೆ ಎಂದು ಕೈಚೆಲ್ಲಿದ್ದರು. ಅಪ್ಪನಿಗೆ ಅದು ದೊಡ್ಡ ಸಂಗತಿಯಾಗಿರಲಿಲ್ಲ. ಅವರ ಚಿಂತೆಯೆಲ್ಲ ಕಪಿಲೆಯದು. ಉಪನಯನವಾದಾಗಿನಿಂದ ದಿನಾ ಬೆಳಿಗ್ಗೆ ಹೊಳೆಯಲ್ಲಿ ಮುಳುಗಿ, ಒದ್ದೆ ಪಂಚೆಯಲ್ಲೇ ಒಂದು ಚೊಂಬು ನೀರು ತರುವುದು ಅವರ ಪದ್ಧತಿ. ನಾನು ಜೊತೆಗೆ ಬರುತ್ತೇನೆಂದು ಒಂದು ದಿನ ಅವರ ಮೊಳಕೈ ಹಿಡಿದೆ. ಮೆತ್ತಗೆ ಬಿಡಿಸಿಕೊಂಡರು.

"ನೋಡು ಮಗು, ನನ್ನ ಕೈ ಹಿಡ್ಕೊಂಡು ನಡೆಸೋ ದಿನ ಬಂದರೆ ಅವತ್ತಿಂದ ನಾನು ಹೊಳೆಗೆ ಹೋಗೋದಿಲ್ಲ. ಬಾವಿ ನೀರು ಸಾಕು."

ಅಪ್ಪ ಹೇಳಿದರೆ ಮುಗಿಯಿತು, ಹಾಗೆಯೇ ಮಾಡುವವರು. ಹೊಳೆ ಬಿಟ್ಟರೆ ಅವರು ಜಗುಲಿ ಹಿಡಿಯುತ್ತಾರೆ, ಜಗುಲಿ ಹಿಡಿದರೆ ಆಮೇಲೆ ಹಾಸಿಗೆ, ಎಂಬುದು ನನ್ನ ಭಯ. ಭಾವನಿಗೆ ಉಪಾಯ ಹೊಳೆದದ್ದು ಆಗ. ಮುದುಕರನ್ನು ಯಾರೋ ಕರೆದೊಯ್ಯುತ್ತಿದ್ದಾರೆ ಎಂದು ಬೀದಿಗೆ ಕಾಣಬಾರದು, ಮೇಷ್ಟರು ನಾಯಿ ಸಾಕಿದ್ದಾರೆ, ಅದನ್ನು ವಾಕಿಂಗಿಗೆ ಕರೆದೊಯ್ಯುತ್ತಿದ್ದಾರೆ ಎಂದು ಕಾಣಬೇಕು. ನಾಯಿ ಎಡಮೊಣಕಾಲಿಗೆ ಅಂಟಿಕೊಂಡ ಹಾಗೆ ನಡೆಯುವುದನ್ನು ಕಲಿತರೆ ಸಾಕು, ಹಳ್ಳ ಬಂದರೆ ನಿಲ್ಲುತ್ತದೆ, ದನ ಬಂದರೆ ಪಕ್ಕಕ್ಕೆ ಸರಿಯುತ್ತದೆ, ಅಪ್ಪನಿಗೆ ಗೊತ್ತಾಗುತ್ತದೆ. ಅದಕ್ಕೆ ಇಂಗ್ಲಿಷಿನಲ್ಲಿ ಹೀಲ್ ಅನ್ನುತ್ತಾರಂತೆ.

"ಹಿಮ್ಮಡೀ ಅಂತ ಕೂಗಿದ್ರೆ ಅದಕ್ಕೇನು ತಿಳಿಯುತ್ತೆ?" ಎಂದರು ಅಪ್ಪ. "ನಾನು ಜೊತೇಲಿ ಅಂತೀನಿ. ಇಷ್ಟ ಇದ್ದರೆ ಬರಲಿ."

ಇನ್ನು ಅಮ್ಮ. ನಮ್ಮಮ್ಮನ ಮಡಿಯ ಮುಂದೆ ದೇವಸ್ಥಾನದ ಅರ್ಚಕರ ಮನೆಯವರೂ ಕೈಮುಗಿಯಬೇಕು. ಸೌದೆ ತೊಳೆದು ಒಲೆಗಿಡುತ್ತಿದ್ದವಳು ಆಕೆ. ನಾಯಿ ಒಳಗೆ ಬರಕೂಡದು, ಸರಿ. ಜಗುಲಿಯ ಕೆಳಗೆ ಇರಲಿ, ಸರಿ. ಆದರೆ ಅದರ ಕೊರಳಲ್ಲಿ ಭಾವ ಕಟ್ಟಿದ್ದ ಚರ್ಮದ ಪಟ್ಟಿ ನೋಡಿದ್ದೇ ತಡ, "ಅಯ್ಯೋ ಶಿವನೇ, ತೊಗಲು! ತೊಗಲಿಗೆ ಹಗ್ಗ, ಹಗ್ಗಕ್ಕೆ ಇವರ ಕೈ, ಅದೇ ಕೈಲಿ ಚೊಂಬು! ಮೊದಲು ಬಿಚ್ಚಿ ಬಿಸಾಕು" ಎಂದು ಕೂಗಿಕೊಂಡಳು. ಅದಕ್ಕೆ ಹೆಸರನ್ನೂ ಇಡಗೊಡಲಿಲ್ಲ, ಹೆಸರಿಟ್ಟರೆ ಮನೆಯದಾಗಿಬಿಡುತ್ತದಂತೆ. ಹಾಗಾಗಿ ಕೊನೆಯವರೆಗೂ ಅದು ಬರೀ ನಾಯಿ.

ಭಾವ ಮೈಸೂರಿಗೆ ಹೋದಾಗ ಸ್ಟೀಲಿನ ಸರಪಳಿಯ ಪಟ್ಟಿ ತಂದುಕೊಟ್ಟರು. ಎಳೆದರೆ ಕೊರಳಿಗೆ ಬಿಗಿಯುತ್ತದೆ, ಬಿಟ್ಟರೆ ತಾನೇ ಸಡಿಲವಾಗುತ್ತದೆ, ಪೊಲೀಸ್ ನಾಯಿಗಳಿಗೆ ಹಾಕುವಂಥದ್ದು. ಲೋಹವಾದ್ದರಿಂದ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದರೆ ದೋಷವಿಲ್ಲ ಎಂದು ಅಮ್ಮ ಒಪ್ಪಿದಳು. ನಾಯಿ ಒಪ್ಪಲಿಲ್ಲ. ಅದು ಎಳೆಯುತ್ತಿತ್ತು, ಸರಪಳಿ ಬಿಗಿಯುತ್ತಿತ್ತು, ಅದು ಖೊಕ್ ಖೊಕ್ ಎಂದು ಕೆಮ್ಮುತ್ತಲೇ ಇನ್ನೂ ಎಳೆಯುತ್ತಿತ್ತು. ಆ ಕೆಮ್ಮು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನಾಗ ಊರಿನ ಮಿಡ್ಲ್ ಸ್ಕೂಲಿನಲ್ಲಿ ಟೀಚರು, ಶಾಲೆಗೆ ಹೊರಡುವ ಮುಂಚೆ ಅದನ್ನು ಬೀದಿಯಲ್ಲಿ ನಡೆಸಿ ಅಭ್ಯಾಸ ಮಾಡಿಸುತ್ತಿದ್ದೆ. ಚೌಕದಲ್ಲಿ ಜಟಕಾ ನಿಲ್ಲಿಸಿಕೊಂಡಿರುತ್ತಿದ್ದವನೊಬ್ಬ ದಿನಾ ಕೇಳುವನು:

"ಏನ್ರವ್ವಾ, ನೀವು ನಾಯ ಕರ್ಕೊಂಡ್ ಓಯ್ತಿದ್ದೀರೋ, ಅದೇ ನಿಮ್ಮುನ್ನ ಕರ್ಕೊಂಡ್ ಓಯ್ತಾ ಅದೋ?"

"ನಿನ್ನ ಕುದುರೆ ನಿನ್ನ ಮಾತು ಕೇಳುತ್ತೇನಯ್ಯಾ?" ಎಂದು ನಾನೂ ಬಿಡುತ್ತಿರಲಿಲ್ಲ.

"ಅದ್ಯಾಕ್ ಕೇಳೀರಿ, ಬುಡಿ" ಎಂದು ನಗುತ್ತಿದ್ದ.

ಅಪ್ಪ ಮಾತ್ರ ಅದನ್ನು ದಿನವೂ ಹೊಳೆಗೆ ಕರೆದೊಯ್ಯುತ್ತಿದ್ದರು. ಹೋಗುವಾಗ ತಕ್ಕಮಟ್ಟಿಗೆ ಸರಿಯಾಗಿಯೇ ಹೋಗುತ್ತಿತ್ತು. ಮೆಟ್ಟಿಲ ಬಳಿಯ ಕಲ್ಲಿಗೆ ಅದನ್ನು ಕಟ್ಟಿ ಅವರು ನೀರಿಗಿಳಿಯುತ್ತಿದ್ದರು. ಬರುವಾಗ ಮಾತ್ರ ರಂಪ. ಒಂದು ದಿನ ಬರುವಾಗ ಮೇಲಿನ ಮೆಟ್ಟಿಲಲ್ಲಿ ಕೋತಿಯೊಂದು ಯಾರದೋ ಬಾಳೆಹಣ್ಣು ಕಿತ್ತುಕೊಂಡು ಓಡಿತು, ನಾಯಿ ಹಗ್ಗದಷ್ಟುದ್ದವೂ ಓಡಿ ಜಗ್ಗಿತು, ಅಪ್ಪ ಮುಖವಡಿಯಾಗಿ ಬಿದ್ದರು. ಹುಬ್ಬಿನ ಮೇಲೆ ಕಲ್ಲು ಕೊರೆದಿತ್ತು. ಒಗೆಯುತ್ತಿದ್ದ ಹೆಂಗಸರು ಸೀರೆಯ ತುಂಡು ಕಟ್ಟಿ ಮನೆಗೆ ಕರೆತಂದರು, ಕೈ ಹಿಡಿದುಕೊಂಡು.

ಅಮ್ಮ ಅಳಲಿಲ್ಲ, ಬೈಯಲಿಲ್ಲ. "ನಾಯಿ ವಾಪಸ್ ಕಳಿಸು" ಎಂದಳು ಅಷ್ಟೆ. ಅಪ್ಪ ಹುಬ್ಬಿಗೆ ಅರಿಸಿನ ಮೆತ್ತಿಸಿಕೊಂಡು ಗೋಡೆಯ ಕಡೆ ತಿರುಗಿ ಕೂತಿದ್ದರು. ಬೇಸಿಗೆ ರಜ ಮುಗಿಯುವವರೆಗೆ ನನಗೆ ಬಿಡು, ಅಷ್ಟರಲ್ಲಿ ಕಲಿಯದಿದ್ದರೆ ನಾನೇ ಲಾರಿ ಹತ್ತಿಸುತ್ತೇನೆ ಎಂದು ಅಮ್ಮನಿಗೆ ಮಾತು ಕೊಟ್ಟೆ. ಅಲ್ಲಿಯವರೆಗೆ ಅಪ್ಪ ಬಾವಿಯಲ್ಲಿ ನೀರು ಸೇದಿಕೊಂಡು ಸ್ನಾನ ಮಾಡಬೇಕು ಎಂದಾಯಿತು.

ನೋಡಿ, ನಮ್ಮಮ್ಮ ಎಂಥವಳು! ನಾಯಿ ತೊಲಗಲಿ ಎನ್ನುವವಳೇ, ಸರಪಳಿಯ ಕೆಮ್ಮು ತನಗೂ ಕೇಳಲಾಗುವುದಿಲ್ಲವೆಂದು, ಮುರಿದ ಮಂಚದ ನವಾರನ್ನು ಕತ್ತರಿಸಿ ಅದಕ್ಕೊಂದು ಮೈಪಟ್ಟಿ ಹೊಲಿದಳು. ಬಟ್ಟೆಯಾದರೆ ದಿನಾ ಒಗೆಯಬಹುದು. ಕೊರಳಿಗೊಂದು ಸುತ್ತು, ಎದೆಗೂಡಿಗೊಂದು ಸುತ್ತು, ಬೆನ್ನಿನ ಮೇಲೊಂದು ಹೊಟ್ಟೆಯ ಕೆಳಗೊಂದು ಪಟ್ಟಿ, ಕಟ್ಟಿಕೊಳ್ಳಲು ಗುಂಡಿ. ಕೊರಳ ಸುತ್ತು ಬೆನ್ನಿನ ಪಟ್ಟಿಗೆ ಸೇರುವಲ್ಲಿ ಹಗ್ಗ ಕಟ್ಟುವ ಕಬ್ಬಿಣದ ಉಂಗುರ. ಅಳತೆ ಹೇಳಿದವಳು ನಾನು, ಅಮ್ಮ ನಾಯಿಯ ಹತ್ತಿರಕ್ಕೂ ಬರಲಿಲ್ಲ. ನಾನೇ ಹಾಕಿದೆ. ಕೆಮ್ಮು ನಿಂತಿತು. ಆದರೆ ಈಗ ಕೊರಳಿನ ಬಾಧೆಯೇ ಇಲ್ಲವಲ್ಲ, ನೊಗ ಹೊತ್ತ ಎತ್ತಿನ ಹಾಗೆ ಎದೆ ಕೊಟ್ಟು ಎಳೆಯತೊಡಗಿತು. ನನ್ನ ಚಪ್ಪಲಿಯ ಉಂಗುಷ್ಠ ಕಿತ್ತುಬಂತು.

ರಜ ಶುರುವಾದ ಕೂಡಲೇ ಅದೇ ಬಾಳೆಗೊನೆಯ ಲಾರಿ ಹತ್ತಿದೆ. ಅಕ್ಕನ ಊರಿನಲ್ಲಿ ನಡೆಸಲು ಜಾಗ ಬೇಕಾದಷ್ಟಿದೆ ಎಂಬುದು ಭಾವನ ಸಲಹೆ. ನಾಯಿ ನನ್ನ ಕಾಲಬುಡದಲ್ಲಿ ಮುದುಡಿಕೊಂಡಿತ್ತು. ಡ್ರೈವರು ಅದನ್ನು ಓರೆಗಣ್ಣಿನಲ್ಲಿ ನೋಡಿ, "ಕಚ್ಚಕ್ಕಿಲ್ವಾ ಮೇಡಂ?" ಎಂದ.

"ಕಚ್ಚಲ್ಲಪ್ಪ, ಎಳೆಯುತ್ತೆ ಅಷ್ಟೆ."

"ಎಳೀಲಿ ಬುಡಿ. ಗಾಡಿ ಕೆಟ್ರೆ ಮುಂದುಕ್ ಕಟ್ಟುವಾ."

ಆ ಬೇಸಿಗೆಯ ತಿ. ನರಸೀಪುರ ನನಗೆ ಈಗ ನೆನಪೋ ಕನಸೋ ಹೇಳಲಾರೆ. ಕಾವೇರಿಯೂ ಕಪಿಲೆಯೂ ಸೇರುವಲ್ಲಿ ನೀರು ಇಳಿದು ಮರಳು ಹರಡಿಕೊಂಡಿರುತ್ತಿತ್ತು. ಬಿಸಿಲು ಬಾಗಿದ ಮೇಲೆ ಹೋಗುತ್ತಿದ್ದೆವು. ನಡೆದರೆ ಸದ್ದಿಲ್ಲ, ಮಾತಾಡಿದರೆ ದನಿ ದೂರ ಹೋಗಿ ಎಲ್ಲೋ ಇಂಗಿಬಿಡುತ್ತಿತ್ತು. ದಡ ಯಾವುದು, ನೀರು ಯಾವುದು, ಆಕಾಶ ಯಾವುದು ಎಂಬುದೆಲ್ಲ ಒಂದೇ ಬಣ್ಣಕ್ಕೆ ತಿರುಗುವ ಹೊತ್ತು. ನೀರಿನಂಚಿನಲ್ಲಿ ಬಿಳಿ ಹಕ್ಕಿಗಳು ಏಳುತ್ತಿದ್ದವು, ಕೂರುತ್ತಿದ್ದವು. ಆಚೆ ದಡದಲ್ಲಿ ಯಾರೋ ಯಾರನ್ನೋ ಕೂಗುತ್ತಿದ್ದರು, ಉತ್ತರ ಬಂತೋ ಇಲ್ಲವೋ ತಿಳಿಯುತ್ತಿರಲಿಲ್ಲ.

ಆ ಸಡಿಲ ಮರಳಿನಲ್ಲಿ ನಾಯಿಯ ಜೋರು ನಡೆಯಲಿಲ್ಲ. ಎಳೆಯಲು ಹೋದರೆ ಮುಂಗಾಲು ಹೂತುಕೊಳ್ಳುತ್ತಿತ್ತು. ಎಳೆದ ತಕ್ಷಣ ನಾನು ನಿಂತುಬಿಡುತ್ತಿದ್ದೆ, ಕಂಬದ ಹಾಗೆ. ಅದು ತಿರುಗಿ ನೋಡಿ, ಬೇಸರಪಟ್ಟು, ಹಿಂದಕ್ಕೆ ನನ್ನ ಎಡಗಾಲ ಬಳಿ ಬಂದರೆ "ಜೊತೇಲಿ" ಎಂದು ಒಂದು ಚೂರು ಕೊಬ್ಬರಿ ಕೊಡುತ್ತಿದ್ದೆ. ಮತ್ತೆ ನಡಿಗೆ. ಒಂದು ಸಂಜೆ, ಎಷ್ಟು ದೂರ ನಡೆದೆನೋ, ಏನು ಯೋಚಿಸುತ್ತಿದ್ದೆನೋ, ಕೈಯಲ್ಲಿ ಹಗ್ಗವಿರುವುದೇ ಮರೆತುಹೋಗಿತ್ತು. ನೋಡಿದರೆ ಹಗ್ಗ ಸಡಿಲವಾಗಿ ಜೋತುಬಿದ್ದಿದೆ, ನಾಯಿಯ ಭುಜ ನನ್ನ ಸೀರೆಯ ನೆರಿಗೆಗೆ ಸವರಿಕೊಂಡು ಬರುತ್ತಿದೆ. ಅದರ ಮೈಯ ಬಿಸಿ ಮೊಣಕಾಲಿಗೆ ತಾಕುತ್ತಿತ್ತು. ಖುಷಿ ತಡೆಯಲಾರದೆ ನಾನು ಮರಳಿನಲ್ಲೇ ಕೂತು ಅದರ ಕತ್ತು ತಬ್ಬಿಕೊಂಡೆ.

ನಂಜನಗೂಡಿಗೆ ಮರಳಿದ ಮೇಲೆ ಮನೆಯವರಿಗೆಲ್ಲ ಪ್ರದರ್ಶನ ಕೊಟ್ಟೆ. ಬೀದಿಯ ಕಲ್ಲುಹಾಸಿನ ಮೇಲೂ, ಕೋತಿಗಳ ಎದುರಿಗೂ, ಅದು ನನ್ನ ಮಗ್ಗುಲು ಬಿಡಲಿಲ್ಲ. ಜಟಕಾದವನು ಕುದುರೆಗೆ ಹುಲ್ಲು ಹಾಕುವುದನ್ನು ನಿಲ್ಲಿಸಿ ನೋಡಿದ. ಅಪ್ಪನ ಮುಖ ಅರಳಿತು. ಮಾರನೇ ದಿನ ಬೆಳಿಗ್ಗೆ ಕೈಗೆ ಹಗ್ಗ ತೆಗೆದುಕೊಂಡು ತಾವೇ ಹೊರಟರು, ನಾನು ಕಾಣದ ಹಾಗೆ ಹಿಂದೆ ಹೋದೆ. ಹೋಗುವಾಗ ಏನು ಚೆಂದ! ಅಪ್ಪ "ಜೊತೇಲಿ" ಎಂದರು, ನಾಯಿ ಅವರ ಎಡಗಾಲಿಗೆ ಹೊಂದಿಕೊಂಡು ನಡೆಯಿತು, ಕಣ್ಣಿರುವವರ ಹಾಗೆ ಅಪ್ಪ ತಲೆಯೆತ್ತಿ ನಡೆದರು. ಸ್ನಾನವಾಯಿತು. ಕಲ್ಲಿನಿಂದ ಹಗ್ಗ ಬಿಚ್ಚಿಕೊಂಡರು. ಮನೆಯ ಕಡೆ ತಿರುಗಿದ ಕೂಡಲೇ ಮತ್ತೆ ಅದೇ ಎಳೆದಾಟ. ಅಪ್ಪ ಎರಡು ಸಲ ಮುಗ್ಗರಿಸಿದರು.

ಆಗ ನನಗೆ ಕಾಣಿಸಿತು. ಹೋಗುವಾಗ ಅಪ್ಪ ಹಗ್ಗವನ್ನು ಕೈಗೆ ಸುತ್ತಿಕೊಂಡು ಗಿಡ್ಡವಾಗಿ ಹಿಡಿದಿದ್ದರು. ಮುಳುಗಿ ಎದ್ದ ಮೇಲೆ ಮಡಿ. ಮಡಿಪಂಚೆಗೆ ನಾಯಿ ತಾಕಿದರೆ ತಂದ ನೀರು ದೇವರಿಗೆ ಬರುವುದಿಲ್ಲ, ಮತ್ತೆ ಸ್ನಾನ ಮಾಡದೆ ಅಮ್ಮ ಒಳಗೆ ಬಿಡುವುದಿಲ್ಲ. ಅದಕ್ಕೇ ಬರುವಾಗ ಹಗ್ಗವನ್ನು ಪೂರ್ತಿ ಬಿಟ್ಟು, ತುದಿಯನ್ನು ಮಾತ್ರ ಎರಡು ಬೆರಳಲ್ಲಿ ಹಿಡಿದು, ಕೈಯನ್ನು ಮೈಯಿಂದ ಆಚೆ ಚಾಚಿಕೊಂಡಿದ್ದರು. ನಾಯಿ ಪಾಪ ಹತ್ತಿರ ಬರುತ್ತಿತ್ತು. ಬಂದರೆ "ಹಚ್, ದೂರ" ಎಂದು ಮೊಣಕೈಯಲ್ಲಿ ಅಟ್ಟುತ್ತಿದ್ದರು. ಹೋಗುವಾಗ ಕರೆದ ಮನುಷ್ಯನೇ ಬರುವಾಗ ಅಟ್ಟಿದರೆ ಅದೇನು ಮಾಡಬೇಕು? ಮುಂದಕ್ಕೆ ಓಡುತ್ತಿತ್ತು.

ನಾನು ಸುಮ್ಮನಿರುವವಳಲ್ಲ. ಜಗುಲಿಯ ಮುಂದೆ ಅಡ್ಡ ನಿಂತು ಹೇಳಿಯೇಬಿಟ್ಟೆ. "ಅಪ್ಪಾ, ನಾಯಿ ಕಲಿತಿದೆ. ಕಲೀಬೇಕಾದೋರು ನೀವು. ದಿನಕ್ಕೊಂದು ಸಲ ಅಪ್ಪಿಕೊಂಡು ಒಂದು ಸಲ ಒದ್ದರೆ ನಾಯಿಗಿರಲಿ, ದೇವರಿಗೂ ಬುದ್ಧಿ ಕೆಡುತ್ತೆ. ಜೊತೇಲಿ ಅಂದಮೇಲೆ ಜೊತೇಲಿ."

ಒಳಗಿಂದ ಅಮ್ಮ, "ಅಪ್ಪನ ಹತ್ತಿರ ಆಡೋ ಮಾತೇನೇ ಇದು?" ಎಂದು ಗದರಿದಳು. ಇವತ್ತಿಗೂ ಹೇಳುತ್ತೇನೆ, ನಾನಾಡಿದ್ದು ಸರಿಯಾದ ಮಾತು. ಆದರೆ ಅಪ್ಪ ಹಗ್ಗವನ್ನು ಜಗುಲಿಯ ಗೂಟಕ್ಕೆ ಸಿಕ್ಕಿಸಿ, "ಹಾಗಾದರೆ ಬೇಡ ಬಿಡು, ನನ್ನಿಂದಾಗೋದಿಲ್ಲ" ಎಂದು ಒಳಗೆ ಹೋದರು. ಮಾರನೇ ದಿನ ಬಾವಿಯ ಗಡಗಡೆ ಸದ್ದಾಯಿತು. ಅದರ ಮಾರನೇ ದಿನವೂ ಆಯಿತು. ಅಪ್ಪ ಜಗುಲಿಯಲ್ಲಿ ಕೂತು ಹೊಳೆಯ ದಿಕ್ಕಿಗೆ ಕಿವಿಯಿಟ್ಟಿರುತ್ತಿದ್ದರು. ನಾಯಿ ಕೆಳಗೆ ಮಲಗಿ ಅವರ ಮುಖವನ್ನೇ ನೋಡುತ್ತಿತ್ತು. ರಜ ಮುಗಿಯುತ್ತಾ ಬಂದಿತ್ತು, ಭಾವ ನಾಯಿಯನ್ನು ಕರೆದೊಯ್ಯಲು ಲಾರಿಯವನಿಗೆ ಹೇಳಿಟ್ಟಿದ್ದರು. ಸರಿಯಾದ ಮಾತಾಡಿ ಅಪ್ಪನ ಹೊಳೆಯನ್ನು ನಾನೇ ಕಿತ್ತುಕೊಂಡೆನಲ್ಲ ಎಂದು ನನಗೆ ಅನ್ನ ಸೇರುತ್ತಿರಲಿಲ್ಲ.

ಆಮೇಲೊಂದು ಬೆಳಿಗ್ಗೆ ಎದ್ದರೆ ಬಾವಿಯ ಸದ್ದಿಲ್ಲ. ಜಗುಲಿಯಲ್ಲಿ ಅಪ್ಪನಿಲ್ಲ, ಕೆಳಗೆ ನಾಯಿಯಿಲ್ಲ, ಒಣಹಾಕಿದ್ದ ನವಾರಿನ ಪಟ್ಟಿಯೂ ಇಲ್ಲ. ತಲೆ ಬಾಚದೆ, ಚಪ್ಪಲಿ ಮೆಟ್ಟದೆ ಓಡಿದೆ. ಮೆಟ್ಟಿಲು, ರಕ್ತ, ಒಗೆಯುವ ಹೆಂಗಸರು, ಎಲ್ಲ ಕಣ್ಣಮುಂದೆ ಬಂತು. ಹೊಳೆಯ ದಾರಿಯ ತಿರುವಿನಲ್ಲಿ ನಿಂತುಬಿಟ್ಟೆ.

ಅವರು ಬರುತ್ತಿದ್ದರು. ಆಗಷ್ಟೇ ಹುಟ್ಟಿದ ಬಿಸಿಲು ಇಬ್ಬರ ಹಿಂದೆ ಇತ್ತು. ಅಪ್ಪನ ಪಂಚೆಯಿಂದ ನೀರು ಸೋರುತ್ತಿತ್ತು, ನಾಯಿಯ ಮೈಯಿಂದಲೂ. ಬಲಗೈಯಲ್ಲಿ ಚೊಂಬು, ಎಡಗೈಯಲ್ಲಿ ಗಿಡ್ಡ ಹಗ್ಗ. ನಾಯಿ ಅವರ ಒದ್ದೆ ಮೊಣಕಾಲಿಗೆ ಮೈ ತಾಗಿಸಿಕೊಂಡು, ಅವರ ನಿಧಾನಕ್ಕೆ ತನ್ನ ನಿಧಾನವನ್ನು ಕೂಡಿಸಿಕೊಂಡು ನಡೆಯುತ್ತಿತ್ತು. ಪಟ್ಟಿ ಮಾತ್ರ ತಲೆಕೆಳಗು. ಅಪ್ಪ ಮಬ್ಬಿನಲ್ಲಿ ಕೈಯಿಂದ ತಡವಿಕೊಂಡು ತೊಡಿಸಿದ್ದರಿಂದ ಬೆನ್ನ ಮೇಲಿರಬೇಕಾದ ಉಂಗುರ ಎದೆಯ ಮುಂದೆ ಬಂದಿತ್ತು. ಅಷ್ಟರಲ್ಲಿ ಒಂದು ಹಂದಿ ಅಡ್ಡ ಓಡಿತು. ನಾಯಿ ನುಗ್ಗಿತು. ಆದರೆ ಹಗ್ಗ ಎದೆಯಿಂದ ಹಿಡಿದಿತ್ತಲ್ಲ, ನುಗ್ಗಿದ ನಾಯಿ ಮುಂದೆ ಹೋಗಲಾರದೆ ತಾನೇ ಗಿರಕ್ಕನೆ ಸುತ್ತಿ ಅಪ್ಪನ ಮುಖಕ್ಕೆ ಮುಖ ಕೊಟ್ಟು ನಿಂತಿತು. ಅಪ್ಪ ಅಲುಗಲಿಲ್ಲ. "ಜೊತೇಲಿ" ಎಂದರು. ಅದು ನಾಚಿಕೊಂಡಂತೆ ಮತ್ತೆ ಮಗ್ಗುಲಿಗೆ ಬಂತು.

ನಾನು ಸದ್ದಿಲ್ಲದೆ ಹಿಂಬಾಲಿಸಿದೆ. ಮನೆ ಬಂತು. ಹೊಸಿಲಿನಲ್ಲಿ ಅಮ್ಮ ನಿಂತಿದ್ದಳು. ಒದ್ದೆ ಪಂಚೆಯ ಎಡಮಗ್ಗುಲಿಗೆಲ್ಲ ಕೆಂಪು ಕೂದಲು ಅಂಟಿದ್ದು ಬೀದಿಯಲ್ಲಿದ್ದ ನನಗೇ ಕಾಣುತ್ತಿತ್ತು, ಅವಳಿಗೆ ಕಾಣದೆ ಇರುತ್ತದೆಯೇ? ಅಪ್ಪ ಮೆಟ್ಟಿಲ ಕೆಳಗೆ ನಿಂತರು. ಎಂದೂ ಯಾರನ್ನೂ ಏನನ್ನೂ ಕೇಳದ ಮನುಷ್ಯ.

"ಇದನ್ನ ಮುಟ್ಟಿಕೊಂಡೇ ಬಂದೆ ಕಣೇ," ಎಂದರು. "ಮುಟ್ಟದೆ ಇದ್ದರೆ ನನಗೆ ದಾರಿ ಗೊತ್ತಾಗಲ್ಲ. ಒಳಗೆ ಬರಲೋ, ಬೇಡವೋ?"

ಅಮ್ಮ ಅಪ್ಪನ ಪಂಚೆ ನೋಡಿದಳು. ಚೊಂಬು ನೋಡಿದಳು. ಆಮೇಲೆ, ಅದು ನಮ್ಮ ಮನೆಗೆ ಬಂದಂದಿನಿಂದ ಮೊದಲ ಸಲ, ನಾಯಿಯನ್ನು ನೆಟ್ಟಗೆ ನೋಡಿದಳು. ಅದರ ಹೊಟ್ಟೆಯಿಂದ ಇನ್ನೂ ತೊಟ್ಟಿಕ್ಕುತ್ತಿತ್ತು.

"ಅದೂ ನೀರಿಗಿಳೀತಾ?"

"ಜೊತೇಲಿ ಅಂದೆ. ಇಳೀತು. ನನಗಿಂತ ಮೊದಲೇ ಮುಳುಗಿ ಎದ್ದಿತು."

"ಮತ್ತೆ ಕಪಿಲೇಲಿ ಮುಳುಗಿ ಬಂದಿರೋದಕ್ಕೆ ಎಂಥ ಮೈಲಿಗೇರೀ?" ಎಂದಳು ಅಮ್ಮ, ರೇಗಿದ ದನಿಯಲ್ಲೇ. "ಅದಕ್ಕೂ ಮಡಿಯೇ. ಬೀದೀಲಿ ನಿಂತು ನೆಗಡಿ ಬರಿಸ್ಕೋಬೇಡಿ, ಒಳಗೆ ಬನ್ನಿ."

ಕೈ ನೀಡಿ ಚೊಂಬನ್ನು ಇಸಿದುಕೊಂಡು ಅವಳು ನೇರವಾಗಿ ದೇವರ ಮನೆಗೆ ಹೋದಳು. ಅಪ್ಪ ಹೊಸಿಲು ದಾಟಿದರು. ನಾನು ಬೀದಿಯಲ್ಲೇ ನಿಂತು ಜೋರಾಗಿ ಅತ್ತುಬಿಟ್ಟೆ.